ಅಮೆರಿಕಕ್ಕೆ ಹೋದ ಸೆರಗು

ನವೆಂಬರ್ ಬಂತೆಂದರೆ ನಾನು ಬದುಕಿದ್ದೇನೆ ಎಂಬುದಕ್ಕೆ ಪುರಾವೆ ಒದಗಿಸಬೇಕು. ಬಾಗಲಕೋಟೆ ನವನಗರದ ಬ್ಯಾಂಕಿನಲ್ಲಿ ಸಾಲಿಗೆ ನಿಂತು, ಗಾಜಿನ ಮೇಲೆ ಬೆರಳೊತ್ತಿದರೆ ಇನ್ನೊಂದು ವರ್ಷದ ಪಿಂಚಣಿ ಗಟ್ಟಿ. ವೃತ್ತಿಯುದ್ದಕ್ಕೂ ಬೇರೆಯವರ ಸಾವನ್ನು ಖಚಿತಪಡಿಸಿಕೊಂಡು ಅಚ್ಚಿಗೆ ಕಳಿಸಿದವನಿಗೆ ಇದು ತಕ್ಕ ಕೆಲಸವೇ ಅನ್ನಿ. ಈ ಸಲ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳು ಹೊಚ್ಚ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಫ್ಯಾನಿನ ಗಾಳಿಗೆ ಸೆರಗು ಹಾರಿದಾಗ ಗಂಜಿಯ ವಾಸನೆ ಬಂತು. ಮಗ್ಗದಿಂದ ಇಳಿದ ಬಟ್ಟೆಗೆ ಮಾತ್ರ ಇರುವ ವಾಸನೆ ಅದು, ಸ್ವಲ್ಪ ಹುಳಿ, ಸ್ವಲ್ಪ ಅನ್ನದ ಬಿಸಿ.

ನಾನು ಆ ಸೆರಗನ್ನೇ ನೋಡುತ್ತ ನಿಂತೆನಂತೆ. ಆಕೆ ತಿರುಗಿ, "ಏನ್ ಬೇಕಾಗಿತ್ರಿ ಅಜ್ಜಾರ?" ಎಂದಳು. ಏನೂ ಇಲ್ಲ ಎಂದೆ. ಅದು ನಿಜವಲ್ಲ. ನಾನು ನೋಡುತ್ತಿದ್ದುದು ಸೀರೆಯ ಒಡಲು ಮುಗಿದು ಸೆರಗು ಶುರುವಾಗುವ ಆ ಒಂದು ಗೆರೆಯನ್ನು. ಎಂಬತ್ತು ದಾಟಿದ ಗಂಡಸು ಬ್ಯಾಂಕಿನಲ್ಲಿ ನಿಂತು ಇದನ್ನು ಯಾರಿಗೆ ವಿವರಿಸಲಿ? ನಿಮಗೆ ವಿವರಿಸಬಹುದು. ನಿಮಗೆ ಪುರುಸೊತ್ತಿದೆ ಎಂದುಕೊಂಡಿದ್ದೇನೆ.

ಐವತ್ತರ ದಶಕದ ನಡುವಿನ ವರ್ಷಗಳು. ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಇಳಕಲ್ಲಿನಿಂದ ಸುದ್ದಿ ಬರೆಯುತ್ತಿದ್ದೆ. ಬಣ್ಣದ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನ ಕೋಣೆ. ಕೆಳಗೆ ಯಾವ ಬಣ್ಣ ಕುದಿಯುತ್ತಿದೆ ಎಂಬುದರ ಮೇಲೆ ನನ್ನ ಒಗೆದ ಅಂಗಿಗಳ ಬಣ್ಣ ನಿರ್ಧಾರವಾಗುತ್ತಿತ್ತು. ನಮ್ಮ ಸಂಪಾದಕರು ಹೇಳಿಕೊಟ್ಟಿದ್ದು ಒಂದೇ ನಿಯಮ: ಕಂಡದ್ದನ್ನು ಬರಿ, ಕಾಣುವುದರಲ್ಲಿ ಕೈ ಹಾಕಬೇಡ. ಅದನ್ನು ನಾನು ಜಪದ ಹಾಗೆ ಪಾಲಿಸುತ್ತಿದ್ದೆ. ಹುನಗುಂದದ ಸಭೆಯಲ್ಲಿ ಮಾತಾಡುತ್ತಿದ್ದವರ ಮೇಲೆ ಪೆಂಡಾಲು ಕುಸಿದಾಗಲೂ ಮೊದಲು ಹೊತ್ತು ಎಷ್ಟಾಯಿತೆಂದು ಬರೆದುಕೊಂಡು ಆಮೇಲೆ ಗಳ ಎತ್ತಲು ಹೋದವನು ನಾನು.

ಅಂಥ ದಿನಗಳಲ್ಲಿ ಅಮೆರಿಕದ ಹೆಣ್ಣುಮಗಳೊಬ್ಬಳು ಬಾದಾಮಿಗೆ ಬಂದಿದ್ದಾಳೆ, ಹೋಗಿ ನೋಡು ಎಂದು ತಂತಿ ಬಂತು. ಅಮೆರಿಕದ ದೊಡ್ಡ ಕಾರಖಾನೆದಾರ ಮನೆತನದ ಮೊಮ್ಮಗಳು. ಆ ಮನೆತನದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಆಕೆ ಕೇಳಿಕೊಂಡಿದ್ದಳು, ಕೊಟ್ಟ ಮಾತಿಗೆ ಅವಧಿಯನ್ನೇನೂ ಹಾಕಿರಲಿಲ್ಲ. ನಾನು ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಓಡಿತ್ತು. ಬಾದಾಮಿಯವರು ಗವಿಗೆ ಹೋಗುವ ದಾರಿಗೆ ಒಳ್ಳೆಯ ಮೆಟ್ಟಿಲು ಬೇಕೆಂದು ಅರ್ಜಿ ಹಿಡಿದು ನಿಂತಿದ್ದರು. ಹುನಗುಂದದ ಹಿರಿಯರು ದವಾಖಾನೆ ಕೇಳಿದರು. ಬಾಗಲಕೋಟೆಯ ವರ್ತಕರು ಒಂದು ಸಭಾಭವನದ ನಕ್ಷೆಯನ್ನೇ ತಂದಿದ್ದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಆಕೆಯ ಅಜ್ಜನ ಹೆಸರು ಯಾವ ಅಳತೆಯ ಅಕ್ಷರದಲ್ಲಿರಬೇಕು ಎಂಬುದೂ ಅದರಲ್ಲಿತ್ತು. ಆಕೆ ಎಲ್ಲವನ್ನೂ ಮರ್ಯಾದೆಯಿಂದ ತೆಗೆದುಕೊಂಡು ಚರ್ಮದ ಚೀಲದಲ್ಲಿಟ್ಟಳು. ನೀಳ ಮೈಕಟ್ಟು, ಬಿಸಿಲಿಗೆ ಕೆಂಪೇರಿದ ಕತ್ತು, ಗಂಡಸರ ಬೂಟು. ವಯಸ್ಸು ಮೂವತ್ತೈದರ ಆಸುಪಾಸು. ನನ್ನ ಇಂಗ್ಲಿಷು ಅರ್ಥವಾಗಲಿ ಎಂದು ನಾನು ಹೇಳಿದ್ದನ್ನೆಲ್ಲ ಒಮ್ಮೆ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ನನ್ನ ಇಂಗ್ಲಿಷು ಮೊದಲ ಸಲ ಚೆನ್ನಾಗಿ ಕೇಳಿಸಿದ್ದು ಆಕೆಯ ಬಾಯಲ್ಲಿ.

ಹೊಂಡದ ಮೆಟ್ಟಿಲ ಮೇಲೆ ಕುಳಿತು ಆಕೆ ತನ್ನ ಅಜ್ಜನ ಕತೆ ಹೇಳಿದಳು. ಕಮ್ಮಾರನ ಮಗ. ರೈಲಿನ ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ ಕಬ್ಬಿಣದ ಕೊಂಡಿಯನ್ನು ಮಾಡಿ ದುಡ್ಡು ಗಳಿಸಿದವನು. ಅದಕ್ಕೂ ಮುಂಚೆ ಎರಡು ಡಬ್ಬಿಗಳ ನಡುವೆ ಮನುಷ್ಯ ನಿಂತು ಕೈಯಿಂದಲೇ ಜೋಡಿಸಬೇಕಿತ್ತಂತೆ. ಬೆರಳು ಕಳೆದುಕೊಂಡವರು ಊರೂರಿಗೂ ಇದ್ದರಂತೆ. ಅಜ್ಜನ ಕೊಂಡಿ ಬಂದ ಮೇಲೆ ಅದು ನಿಂತಿತು. ಆದರೆ ಆ ಕೊಂಡಿಯನ್ನು ಎರಕ ಹೊಯ್ಯುವ ಅಜ್ಜನ ಕಾರಖಾನೆಯಲ್ಲಿ ಬೇರೆ ಜನ ಬೆರಳು ಕಳೆದುಕೊಂಡರು. ಕೂಲಿ ಕೇಳಿದವರನ್ನು ಅಜ್ಜ ಒಂದು ಚಳಿಗಾಲ ಪೂರ್ತಿ ಗೇಟಿನ ಹೊರಗೆ ನಿಲ್ಲಿಸಿದ. ಆಮೇಲೆ ಅಪ್ಪ ಆಸ್ಪತ್ರೆ ಕಟ್ಟಿಸಿದ, ವಾಚನಾಲಯ ಕಟ್ಟಿಸಿದ, ಒಂದು ಧರ್ಮನಿಧಿ ಮಾಡಿಟ್ಟ. ಈಗ ಆಕೆ ಆ ನಿಧಿಯ ಪರವಾಗಿ ದೇಶದೇಶ ತಿರುಗಿ ಕೈಕೆಲಸ ನೋಡುತ್ತಿದ್ದಳು. ನಾವು ಕೈಗಳನ್ನು ತೆಗೆದುಕೊಂಡೆವು, ಹಾಗಾಗಿ ಈಗ ಕೈಗಳನ್ನು ಹುಡುಕಿಕೊಂಡು ಬಂದಿದ್ದೇನೆ ಎಂದಳು. ನಾನು ಬರೆದುಕೊಂಡೆ. ಬರೆದುಕೊಂಡದ್ದನ್ನು ನೋಡಿ, ಇದು ಪತ್ರಿಕೆಗಲ್ಲ ಎಂದಳು. ಒಂದು ಗೆರೆ ಎಳೆದು ಹೊಡೆದುಹಾಕಿದೆ. ಹೊಡೆದುಹಾಕಿದ ಸಾಲುಗಳೇ ಹೆಚ್ಚು ಕಾಲ ನೆನಪಿರುವುದು ಯಾಕೋ ತಿಳಿಯದು.

ಮರುದಿನ ಆಕೆಯನ್ನು ಇಳಕಲ್ಲಿಗೆ ಕರೆದುಕೊಂಡು ಬಂದೆ. ನೇಯುವ ಓಣಿಯಲ್ಲಿ ಎಷ್ಟೋ ಮನೆಗಳಿದ್ದವು. ನಾನು ನೇರವಾಗಿ ಮಲ್ಲಪ್ಪನ ಮನೆಗೇ ಯಾಕೆ ಹೋದೆ ಎಂದು ಯಾರಾದರೂ ಕೇಳಿದ್ದರೆ, ಹತ್ತಿರವಿತ್ತು ಎಂದು ಹೇಳುತ್ತಿದ್ದೆ. ಅದು ಹತ್ತಿರವೇನೂ ಇರಲಿಲ್ಲ. ಆ ಮನೆಯಲ್ಲಿ ಗುರವ್ವ ಇದ್ದಳು.

ಗುರವ್ವ ಮಲ್ಲಪ್ಪನ ತಂಗಿ. ಲಗ್ನವಾದ ಎರಡನೆಯ ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ ಮೇಲೆ ಅಣ್ಣನ ಮನೆಗೆ ತಿರುಗಿ ಬಂದವಳು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬೇಕು. ನನ್ನನ್ನು "ಪೇಪರ ಅಣ್ಣಾರ" ಎಂದು ಕರೆಯುತ್ತಿದ್ದಳು. ಆ ಸಂಬೋಧನೆ ನನಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ ಎಂದಷ್ಟೇ ದಾಖಲಿಸುತ್ತೇನೆ. ಆಕೆಯ ಕೆಲಸ ಕೊಂಡಿ ಹಾಕುವುದು. ಇಳಕಲ್ ಸೀರೆಯ ಗುಟ್ಟೇ ಅದು. ಒಡಲಿನ ನೂಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ರೇಷ್ಮೆಯ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಒಂದೊಂದು ಎಳೆಯನ್ನು ತೂರಿಸಿ ಸಿಕ್ಕಿಸಬೇಕು. ಒಂದು ಸೀರೆಯೆಂದರೆ ಅಂಥ ಸಾವಿರಾರು ಕೊಂಡಿ. ಆಮೇಲೆ ಹಾಸು ಮಗ್ಗಕ್ಕೆ ಏರುತ್ತದೆ, ಗಂಡಸು ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ. ನೇಯ್ದ ಮೇಲೆ ಆ ಸಾವಿರಾರು ಕೊಂಡಿಗಳು ಕೂದಲಿನಷ್ಟು ಸಣ್ಣ ಗೆರೆಯಾಗಿ ಉಳಿಯುತ್ತವೆ. ಚೆನ್ನಾಗಿ ಹಾಕಿದ್ದರೆ ಅದೂ ಕಾಣುವುದಿಲ್ಲ. ಗುರವ್ವ ಹಾಕಿದ್ದು ಕಾಣುತ್ತಿರಲಿಲ್ಲ.

ಅಮೆರಿಕದ ಹೆಣ್ಣುಮಗಳು ಬೂಟು ಕಳಚಿ ಆಕೆಯ ಪಕ್ಕ ನೆಲದ ಮೇಲೆ ಕುಳಿತು ಬಹಳ ಹೊತ್ತು ನೋಡಿದಳು. ಗುರವ್ವ ನನ್ನನ್ನು ಕೇಳಿದಳು, ಇವರ ಮನೆಯಲ್ಲಿ ಏನು ಉದ್ಯೋಗ ಎಂದು. ರೈಲಿನ ಡಬ್ಬಿ ಕೂಡಿಸುವುದನ್ನು ಮಾಡಿದವರು ಎಂದೆ.

"ಹಂಗಾರ ಅವರೂ ನಮ್ಮಂಗ ಕೂಡಸೋ ಮಂದಿನ" ಎಂದು ನಕ್ಕು, ಆ ದೊರೆಸಾನಿಯ ಕೈಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. "ಬೆರಳು ಮೆತ್ತಗ ಅದಾವ. ಈಕಿ ಏನೂ ಕೂಡಿಸಿಲ್ಲ."

ಇದನ್ನು ಭಾಷಾಂತರಿಸಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗಲೇ ಆಕೆಗೆ ತಿಳಿದುಹೋಯಿತು. ಆಕೆಯೂ ನಕ್ಕಳು.

ಹೊರಡುವ ಮುನ್ನ ಆಕೆ ಒಂದು ಪ್ರಸ್ತಾಪ ಇಟ್ಟಳು. ಧರ್ಮನಿಧಿಯವರು ಬಾಗಲಕೋಟೆಯಲ್ಲಿ ರೈಲು ನಿಲ್ದಾಣದ ಹತ್ತಿರ ಒಂದು ನೇಯ್ಗೆ ಶಾಲೆ ತೆರೆಯಬಹುದು. ಹೆಣ್ಣುಮಕ್ಕಳಿಗೆ. ಕಲಿಸುವವಳು ಗುರವ್ವ, ಇರಲು ಅಲ್ಲೇ ಒಂದು ಕೋಣೆ, ಆಕೆಯದೇ ಆದ ಒಂದು ಮಗ್ಗ. ಆದರೆ ನಿಧಿಯನ್ನು ನೋಡಿಕೊಳ್ಳುವ ಹಿರಿಯರು ಏಳು ಸಮುದ್ರದಾಚೆ ಮೇಜಿನ ಸುತ್ತ ಕುಳಿತು ತೀರ್ಮಾನ ಮಾಡುವವರು. ಇಲ್ಲಿಯ ಕೈಗಳು ಏನು ಮಾಡುತ್ತವೆಂದು ಅವರಿಗೆ ಕಾಣಬೇಕು. ಅದಕ್ಕಾಗಿ ಒಂದು ಸೀರೆ ಬೇಕು, ಆದರೆ ಕೊಂಡಿಯನ್ನು ಅರ್ಧ ಅಗಲಕ್ಕೆ ಮಾತ್ರ ಹಾಕಿರಬೇಕು. ಉಳಿದರ್ಧದಲ್ಲಿ ಎರಡೂ ಕಡೆಯ ಕುಣಿಕೆಗಳನ್ನು ಬಿದಿರ ಕಡ್ಡಿಗಳಿಗೆ ಪೋಣಿಸಿ, ದಾರ ಕಟ್ಟಿ, ತೆರೆದೇ ಬಿಟ್ಟಿರಬೇಕು. ನೋಡಿದವರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಆಕೆಯ ಹಡಗಿಗೆ ಹೊತ್ತಾಗುತ್ತಿತ್ತು. ಒಂದೇ ಸೀರೆಗೆ ಅವಕಾಶ. ಮಲ್ಲಪ್ಪ ಗಡ್ಡ ಕೆರೆದುಕೊಂಡು, ಬಿಗಿ ಬರುವುದು ಕಷ್ಟ, ಆದರೂ ನೇಯ್ದು ಕೊಡುತ್ತೇನೆ ಎಂದ.

ಗುರವ್ವನಿಗೆ ಆ ಶಾಲೆ ಏನಾಗಿತ್ತು ಎಂಬುದನ್ನು ನೀವು ತಿಳಿಯಬೇಕು. ಓಣಿಯ ಎಂಟು ಮಗ್ಗಗಳ ಸೀರೆಗೆ ಕೊಂಡಿ ಹಾಕುತ್ತಿದ್ದ ಆಕೆ ಒಂದು ಸೀರೆಯನ್ನೂ ನೇಯ್ದಿರಲಿಲ್ಲ. ಬೇರೆ ಮನೆಗಳಲ್ಲಿ ಹೆಂಗಸರು ಮಗ್ಗಕ್ಕೆ ಕೂಡುತ್ತಿದ್ದರು; ಮಲ್ಲಪ್ಪನ ಮನೆಯಲ್ಲಿ ಕೂಡುತ್ತಿರಲಿಲ್ಲ. ಅಣ್ಣ ಊಟಕ್ಕೆ ಎದ್ದಾಗ ಆಕೆ ಕುಣಿಯ ಅಂಚಿಗೆ ಕುಳಿತು, ಕಾಲು ಇಳಿಬಿಡದೆ, ಲಾಳಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ಇಟ್ಟುಬಿಡುತ್ತಿದ್ದಳು. ಒಮ್ಮೆ ನಾನು ಬಾಗಿಲಲ್ಲಿ ನಿಂತದ್ದು ಗೊತ್ತಾಗಿ, "ನಾ ಕೂಡಿಸಿದ್ದು ಮುಂದ ಏನಾಗತೈತಿ ಅಂತ ಕಾಲಿಗೂ ತಿಳೀಬೇಕಲ್ರಿ ಅಣ್ಣಾರ. ಬರೇ ಕೈಗೆ ತಿಳದ್ರ ಏನಾತು" ಎಂದಿದ್ದಳು. ಆ ಮಾತು ಇವತ್ತಿಗೂ ನನಗೆ ಪೂರ್ತಿ ತಿಳಿದಿದೆ ಎನ್ನಲಾರೆ. ಆಗ ಆಕೆಯ ಮುಖ ಹೇಗಿತ್ತೆಂಬುದು ಮಾತ್ರ ನೆನಪಿದೆ.

ಅಡ್ಡ ಬಂದದ್ದು ಆ ಮನೆಯ ಒಂದು ರೂಢಿ. ಕೊಂಡಿ ಹಾಕಲು ಕುಳಿತವಳು ಪೂರ್ತಿ ಅಗಲ ಮುಗಿಸದೆ ಬಿಡಬಾರದು. ಕೊಂಡಿ ಬಿಟ್ಟ ಸೆರಗನ್ನು ಹೊರಗೆ ಕೊಟ್ಟರೆ ಉಟ್ಟವಳ ಬಾಳು ಅಲ್ಲಿಗೇ ನಿಲ್ಲುತ್ತದೆ ಎಂದು ಅವರ ನಂಬಿಕೆ. ಗುರವ್ವನ ಗಂಡ ಸತ್ತಾಗ ಅತ್ತೆ ಅವಳ ಲಗ್ನದ ಸೀರೆಯನ್ನು ಅಂಗಳದ ಬಿಸಿಲಿಗೆ ಹರವಿ, ಉಗುರಿನಿಂದ ಗೆರೆಯನ್ನು ಕೆದರಿ ಕೆದರಿ ನೋಡಿ, ಎರಡು ಎಳೆ ಬಿಟ್ಟಿವೆ ಎಂದು ತೋರಿಸಿದಳಂತೆ. ಆ ಸೀರೆಗೆ ಕೊಂಡಿ ಹಾಕಿದ್ದವಳು ಗುರವ್ವನ ತಾಯಿ. ಆ ತಾಯಿ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಇದೆಲ್ಲವನ್ನು ನನಗೆ ಹೇಳಿದವನು ಮಲ್ಲಪ್ಪ. ಗುರವ್ವ ಆ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಅಮೆರಿಕದ ಸೀರೆಯ ಮಾತು ಬಂದಾಗಲೂ ಆಗಲಿ ಎಂದು ತಲೆಯಾಡಿಸಿದ್ದಳು. ಆ ಶಾಲೆ ಆಕೆಗೆ ಅಷ್ಟು ಬೇಕಾಗಿತ್ತು.

ಕೊಂಡಿ ಹಾಕುವ ದಿನ ಮಧ್ಯಾಹ್ನ ನಾನು ಅಲ್ಲಿದ್ದೆ. ವರದಿಗಾಗಿ ಎಂದು ಹೇಳಿಕೊಂಡಿದ್ದೆ. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ನಟ್ಟನಡುವಿನ ಎಳೆಗೆ ಗುರುತಿಗಾಗಿ ಮಲ್ಲಪ್ಪ ಒಂದು ಹಳದಿ ದಾರ ಕಟ್ಟಿ, ಬಣ್ಣ ತರಲು ಪೇಟೆಗೆ ಹೋಗಿದ್ದ. ಗುರವ್ವನ ಬೆರಳುಗಳು ಜೋಳದ ಕಾಳು ಬಿಡಿಸುವಷ್ಟು ಸಲೀಸಾಗಿ ಓಡುತ್ತಿದ್ದವು. ಹಳದಿ ದಾರ ಬಂತು. ಬೆರಳು ನಿಂತವು. ಬಿದಿರ ಕಡ್ಡಿಗಳು ಪಕ್ಕದಲ್ಲೇ ಇದ್ದವು. ಆಕೆ ಅವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಣ್ಣಾರ, ಆ ಅಮೆರಿಕದಾಕಿ ಲಗ್ನ ಆಗ್ಯಾಳೇನ್ರಿ?"

"ಇಲ್ಲ" ಎಂದೆ.

"ಮತ್ತ?"

ಆಕೆ ಅದನ್ನು ಉಡುವುದಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದೆ.

"ಸೀರಿ ಐತಿ, ಹೆಂಗಸು ಅದಾಳ. ಇಂದಿಲ್ಲ ನಾಳಿ ಉಡತಾಳ್ರಿ" ಎಂದಳು ಗುರವ್ವ. ಆಮೇಲೆ ಹಳದಿ ದಾರವನ್ನು ಬಿಚ್ಚಿ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಮುಂದಿನ ಎಳೆಯನ್ನು ಎತ್ತಿಕೊಂಡಳು.

ನಾನು ಒಂದು ಮಾತು ಆಡಬಹುದಿತ್ತು. ಸಿಕ್ಕಿಸಿದ ರೇಷ್ಮೆಯನ್ನು ಬಿಡಿಸಿದರೆ ಎಳೆ ಹರಿಯುತ್ತದೆ, ಹಾಗಾಗಿ ಆಡಬೇಕಾಗಿದ್ದು ಆಗಲೇ. ಶಾಲೆ ಹೋಗುತ್ತದೆ ಗುರವ್ವ, ನಿನ್ನ ಮಗ್ಗ ಹೋಗುತ್ತದೆ ಎನ್ನಬಹುದಿತ್ತು. ಕೈ ಹಾಕಬೇಡ ಎಂಬ ನಿಯಮವನ್ನು ನೆನೆದುಕೊಂಡು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರ ಜೊತೆಗೆ ಇನ್ನೆರಡು ಸಂಗತಿಗಳನ್ನೂ ದಾಖಲಿಸಬೇಕು. ಒಂದು, ಶಾಲೆ ಆಗುವುದಿದ್ದದ್ದು ಬಾಗಲಕೋಟೆಯಲ್ಲಿ, ನಾನಿದ್ದದ್ದು ಇಳಕಲ್ಲಿನಲ್ಲಿ. ಎರಡು, ತನಗೆ ಬೇಕಾದದ್ದನ್ನು ಕೈಬಿಟ್ಟು ಕುಳಿತ ಒಬ್ಬಳನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನೋಡುವುದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಮಲ್ಲಪ್ಪ ಬಂದು ಹಾಸು ನೋಡಿ ತಂಗಿಯನ್ನು ಬೈದ. ಆಮೇಲೆ ನನ್ನ ಕಡೆ ತಿರುಗಿ, "ನೀ ಇಲ್ಲೇ ಕುಂತಿದ್ದೆಲ್ಲೋ ಮಾರಾಯ. ಬಾಯಿಗೇನು ಗಂಜಿ ಹಾಕ್ಕೊಂಡಿದ್ದಿ?" ಎಂದ. ಸೀರೆ ನೇಯ್ದದ್ದಾಯಿತು, ನಾನೇ ಅದನ್ನು ಬಸ್ಸಿನಲ್ಲಿ ಬಾಗಲಕೋಟೆಗೆ ಒಯ್ದು ಪಾರ್ಸೆಲ್ ಮಾಡಿದೆ. ಜೊತೆಗೊಂದು ಕಾಗದ ಬರೆದು ವಿಷಯ ವಿವರಿಸಬೇಕೆಂದು ಹುನಗುಂದ ದಾಟುವಾಗ ಅನ್ನಿಸಿತು. ನಾಲ್ಕು ಸಾಲು ಬರೆದೂ ಬರೆದೆ. ಒಬ್ಬ ಹೆಣ್ಣುಮಗಳ ಲಗ್ನದ ಸೀರೆಯ ಕತೆಯನ್ನು ಅಪರಿಚಿತರ ಮೇಜಿನ ಮೇಲೆ ಇಡಲು ನನಗೇನು ಹಕ್ಕು ಎನ್ನಿಸಿ ಹರಿದುಹಾಕಿದೆ. ಆ ಯೋಚನೆ ಸರಿಯಾದದ್ದೇ. ಆದರೆ ಸರಿಯಾದ ಯೋಚನೆಗಳು ನನಗೆ ಯಾವಾಗಲೂ ನನ್ನ ಅನುಕೂಲ ನೋಡಿಕೊಂಡೇ ಬರುತ್ತಿದ್ದವು.

ಮೂರ್ನಾಲ್ಕು ತಿಂಗಳಿಗೆ ಉತ್ತರ ಬಂತು, ನನ್ನ ವಿಳಾಸಕ್ಕೆ. ದಪ್ಪ ಕಾಗದದ ಎರಡು ಹಾಳೆ. ಮೊದಲ ಹಾಳೆಯ ತುಂಬ ಸೀರೆಯ ಹೊಗಳಿಕೆ. ಹಿರಿಯರಲ್ಲಿ ಒಬ್ಬ ಮುದುಕಿ, ಆಕೆಯ ದೊಡ್ಡಮ್ಮ, ಸಭೆ ಮುಗಿಯುವವರೆಗೂ ಅದನ್ನು ತೊಡೆಯ ಮೇಲಿಂದ ತೆಗೆಯಲಿಲ್ಲವಂತೆ. ಎರಡನೆಯ ಹಾಳೆಯಲ್ಲಿ ತೀರ್ಮಾನವಿತ್ತು. ಬಟ್ಟೆ ಸುಂದರವಾಗಿದೆ; ಆದರೆ ಇಂಥದು ಬೇರೆಡೆಯೂ ಇರಬಹುದು, ಇದರಲ್ಲಿ ವಿಶೇಷವಾಗಿ ಕೈ ಮಾಡಿದ ಕೆಲಸ ಯಾವುದೆಂದು ಸಭೆಗೆ ಕಾಣಲಿಲ್ಲ; ಹಣ ಬೇರೊಂದು ದೇಶದ ಕುಂಬಾರರಿಗೆ ಹೋಗಿದೆ. ನಾನು ಎಷ್ಟು ಹೇಳಿದರೂ ಅವರು ಕಂಡದ್ದನ್ನು ಮಾತ್ರ ನಂಬುವವರು ಎಂದು ಆಕೆ ಕೊನೆಯಲ್ಲಿ ಬರೆದಿದ್ದಳು. ಒಬ್ಬರಿಗೂ ಕಾಣದ ಹಾಗೆ ಕೆಲಸ ಮಾಡುವುದೇ ಗುರವ್ವನ ಹೆಚ್ಚುಗಾರಿಕೆಯಾಗಿತ್ತು. ಅದನ್ನು ಆ ಮೇಜಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವನು ನಾನಾಗಿದ್ದೆ.

ಕಾಗದ ಹಿಡಿದು ಹೋದೆ. ಗುರವ್ವ ಕೈ ತೊಳೆದುಕೊಂಡು ಬಂದು ಕಂಬಕ್ಕೊರಗಿ ಕುಳಿತಳು. ಮೊದಲ ಹಾಳೆಯನ್ನು ಓದಿ ಕನ್ನಡದಲ್ಲಿ ಹೇಳಿದೆ. ಮುದುಕಿಯ ಮಾತನ್ನು ಆಕೆ ಎರಡು ಸಲ ಕೇಳಿಸಿಕೊಂಡಳು. "ತೊಡಿ ಮ್ಯಾಲ ಇಟ್ಕೊಂಡಿದ್ಲಂತ?" ಎಂದಳು. ಹೌದು ಎಂದೆ.

"ಮತ್ತೇನ್ ಬರದಾರ್ರಿ?"

"ಅಷ್ಟ" ಎಂದು ಮಡಿಚಿ ಕಿಸೆಯಲ್ಲಿಟ್ಟುಕೊಂಡೆ.

ಆಕೆ ಚಹಾ ಮಾಡಿಕೊಟ್ಟಳು. ಅದಾದ ಮೇಲೆ ಆ ಓಣಿಗೆ ಹೋಗುವುದು ಕಡಿಮೆಯಾಯಿತು. ಎದುರು ಸಿಕ್ಕಾಗ ಶಾಲೆಯ ಸುದ್ದಿ ಕೇಳುತ್ತಾಳೆ ಎಂದು ಹೆದರಿಕೆ. ಆಕೆ ಒಮ್ಮೆಯೂ ಕೇಳಲಿಲ್ಲ. ಕಾಯುತ್ತಿದ್ದಾಳೆ ಎಂದುಕೊಂಡೆ. ಹುಬ್ಬಳ್ಳಿಯಲ್ಲಿ ಮೇಜಿನ ಕೆಲಸ ಖಾಲಿಯಾದಾಗ ಕೇಳಿ ಹಾಕಿಸಿಕೊಂಡು ಊರು ಬಿಟ್ಟೆ. ಆಮೇಲೆ ಲಗ್ನ, ಮಕ್ಕಳು, ಪತ್ರಿಕೆ, ಊರಿಂದೂರಿಗೆ ವರ್ಗ. ನಿವೃತ್ತಿಯಾದ ಮೇಲೆ ಬಾಗಲಕೋಟೆಗೇ ಬಂದು ಮನೆ ಮಾಡಿದೆ. ಅಲ್ಲಿಂದ ಇಳಕಲ್ಲಿಗೆ ದಿನಕ್ಕೆ ಎಷ್ಟು ಬಸ್ಸುಗಳೆಂದು ನನಗೆ ಬಾಯಿಪಾಠ. ಒಂದನ್ನೂ ಹತ್ತಿರಲಿಲ್ಲ. ರೈಲು ನಿಲ್ದಾಣದ ಕಡೆ ಹೋದಾಗಲೆಲ್ಲ ಕಟ್ಟಡಗಳ ನಡುವೆ ಕಟ್ಟದೇ ಉಳಿದ ಒಂದನ್ನು ಕಣ್ಣು ಹುಡುಕುತ್ತಿತ್ತು. ಕಿಟಕಿ ಎಲ್ಲಿರುತ್ತಿತ್ತು, ಮಗ್ಗದ ಸದ್ದು ರಸ್ತೆಗೆ ಕೇಳುತ್ತಿತ್ತೇ ಎಂದು.

ಬ್ಯಾಂಕಿನಲ್ಲಿ ಬೆರಳೊತ್ತಿದ ಮರುದಿನ ಬಸ್ಸು ಹತ್ತಿದೆ. ಹುನಗುಂದದಲ್ಲಿ ಇಳಿದು ತಿರುಗಿ ಹೋಗಿಬಿಡಲೇ ಎಂದೂ ಯೋಚಿಸಿದೆ. ಇಳಕಲ್ಲಿನಲ್ಲಿ ಓಣಿ ಅಗಲವಾಗಿದೆ, ಮನೆಗೆ ಸ್ಲ್ಯಾಬು ಬಿದ್ದಿದೆ. ಒಳಗೆ ಕುಣಿಮಗ್ಗದಲ್ಲಿ ನಲವತ್ತರ ಹತ್ತಿರದ ಹೆಂಗಸೊಬ್ಬಳು ನೇಯುತ್ತಿದ್ದಳು. ಮಲ್ಲಪ್ಪನ ಮೊಮ್ಮಗಳು, ಹೆಸರು ಶಾಂತಾ. ಗುರವ್ವ ತೀರಿಕೊಂಡು ಆರೇಳು ವರ್ಷವಾಯಿತು ಎಂದಳು. ನಾನು ಯಾರೆಂದು ಕೇಳಿದ್ದಕ್ಕೆ ಹಿಂದೆ ಇಲ್ಲಿಂದ ಪತ್ರಿಕೆಗೆ ಬರೆಯುತ್ತಿದ್ದೆ ಎಂದೆ. ಆಕೆ ಲಾಳಿಯನ್ನು ಹಿಡಿದು ನಿಲ್ಲಿಸಿದಳು.

"ಹಂಗಾರ ಕಾಗದ ಓದಿದವರು ನೀವನ ಏನ್ರಿ?"

ಹೌದು ಎಂದೆ.

"ಅಜ್ಜಿ ಹೇಳ್ತಿದ್ಲರಿ. ಎರಡು ಹಾಳಿ ಇತ್ತು, ಅವರು ಒಂದ ಓದಿದ್ರು ಅಂತ."

ಕೇಳಬಹುದಿತ್ತಲ್ಲ ಎಂಬ ಮಾತು ನನ್ನ ಬಾಯಿಂದ ಬಂತು. ಶಾಂತಾ ತುಸು ಸಂಕೋಚದಿಂದ ನಕ್ಕಳು. "ನಾನೂ ಅದನ್ನ ಕೇಳಿದ್ನಿರಿ. ಕೇಳಿದ್ರ ಅವರು ಅತ್ತಗಿತ್ತಾರಂತ ಬಿಟ್ನಿ ಅಂದ್ಲು."

ಇಷ್ಟು ವರ್ಷ ನಾನು ಆಕೆಯ ಕಾಯುವಿಕೆಯನ್ನು ಹೊತ್ತುಕೊಂಡು ತಿರುಗಿದ್ದೆ. ಆಕೆ ಕಾಯಲೇ ಇಲ್ಲ. ಆ ಮಧ್ಯಾಹ್ನ ಕಂಬಕ್ಕೊರಗಿ ಕುಳಿತಾಗಲೇ ಎಲ್ಲ ತಿಳಿದುಕೊಂಡು, ನನ್ನ ಮುಖ ಉಳಿಸಲು ಎದ್ದು ಹೋಗಿ ಚಹಾ ಕಾಸಿದ್ದಳು.

ಗುರವ್ವ ಎಂದಾದರೂ ಮಗ್ಗಕ್ಕೆ ಕುಳಿತಳೇ ಎಂದು ಕೇಳಿದೆ. ಇಲ್ಲ ಎಂದಳು ಶಾಂತಾ. ಮಲ್ಲಪ್ಪ ಹೋಗುವ ಹೊತ್ತಿಗೆ ಗುರವ್ವನ ಮೊಣಕಾಲು ಮಡಚುತ್ತಿರಲಿಲ್ಲ. ಆದರೆ ಈ ಮನೆಯ ಹುಡುಗಿ ಮಗ್ಗಕ್ಕೆ ಕೂಡಬಾರದು ಎಂದು ಮಲ್ಲಪ್ಪನ ಮಗ ಹಟ ಹಿಡಿದಾಗ, ಹಾಗಾದರೆ ಯಾವ ಮಗ್ಗಕ್ಕೂ ಇನ್ನು ಕೊಂಡಿ ಹಾಕುವುದಿಲ್ಲ ಎಂದು ಮೂರು ದಿನ ಕೈಕಟ್ಟಿ ಕುಳಿತಳಂತೆ. ನಾಲ್ಕನೆಯ ದಿನ ಶಾಂತಾ ಕುಣಿಗೆ ಇಳಿದಳು. ಅಜ್ಜಿ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕುಳಿತು, ಕಾಲಿಗೆ ಏನು ತಿಳಿಯಿತು ಹೇಳು ಎಂದು ದಿನಾ ಕೇಳುತ್ತಿದ್ದಳಂತೆ.

ಎರಡನೆಯ ಹಾಳೆ ನನ್ನ ಹತ್ತಿರ ಈಗಿಲ್ಲ. ಬೇಕಾಗಿಯೂ ಇಲ್ಲ, ಪ್ರತಿ ಸಾಲೂ ಬರುತ್ತದೆ. ಮಗ್ಗದ ಮುಂದಿನ ಚಾಪೆಯ ಮೇಲೆ ಕುಳಿತು ಅದನ್ನು ಕನ್ನಡದಲ್ಲಿ ಹೇಳಿದೆ: ಕೈಯ ಕೆಲಸ ಕಾಣಲಿಲ್ಲ ಎಂಬುದು, ಕುಂಬಾರರು, ಕಂಡದ್ದನ್ನು ಮಾತ್ರ ನಂಬುವವರು. ಹಳದಿ ದಾರದ ಮಧ್ಯಾಹ್ನವನ್ನೂ ಹೇಳಿದೆ. ಶಾಂತಾ ಪೂರ್ತಿ ಕೇಳಿದಳು.

"ಅಷ್ಟನ್ರಿ?" ಎಂದಳು. "ಇಷ್ಟಕ್ಕ ಊರ ಬಿಟ್ರೇನ್ರಿ ನೀವು?"

ಮೇಲೆ ನಾನು ಮೇಜಿನ ಕೆಲಸ ಖಾಲಿಯಾಗಿತ್ತು ಎಂದು ಬರೆದಿದ್ದೇನೆ. ಅದು ಸುಳ್ಳಲ್ಲ, ಆದರೆ ಶಾಂತಾ ಹೇಳಿದ್ದೇ ಸರಿಯಾದ ವರದಿ.

ಆಕೆ ಮತ್ತೆ ನೇಯತೊಡಗಿದಳು. ತುಸು ಹೊತ್ತಿನ ಮೇಲೆ, ಬಾಗಲಕೋಟೆಯ ಬಸ್ಸಿಗೆ ಹೊತ್ತಾಯಿತು ನೋಡಿರಿ ಎಂದು ನೆನಪಿಸಿದಳು. ಹೋಗಲಿ ಬಿಡು ಎಂದೆ. ಚಾಪೆಯ ಮೇಲೆ ಗೋಡೆಗೆ ಸರಿದು ಕಾಲು ಚಾಚಿ ಕುಳಿತೆ.